ಉದ್ಯಾನದ ದೀಪ ಆರಿದರೆ ಟ್ರಾನ್ಸ್‌ಫಾರ್ಮರ್ ಮೇಲೇಕೆ ಗೂಬೆ?

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾದಾಗಲೆಲ್ಲ ವಿದ್ಯುತ್ ಅವಘಡಗಳ ಕುರಿತು ಪತ್ರಿಕೆಗಳಲ್ಲಿ ಎಚ್ಚರಿಕೆಯ ಬರಹಗಳು ಪ್ರಕಟವಾಗುತ್ತವೆ. ಅವುಗಳಲ್ಲಿ ಕಂಬ, ತಂತಿ, ಗೀಸರ್, ಪಂಪ್‌ಸೆಟ್ಟುಗಳ ಪ್ರಸ್ತಾಪ ಇರುತ್ತದೆಯೇ ಹೊರತು, ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ, ಬಡಾವಣೆಯ ಉದ್ಯಾನಗಳಲ್ಲಿ, ಈಚೆಗೆ ಸಾಧಾರಣ ಮನೆಗಳ ಕೈತೋಟದಲ್ಲೂ ಗಿಡಗಳ ಬುಡದಲ್ಲಿ ಉರಿಯುವ 12 ವೋಲ್ಟಿನ ದೀಪಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಊರಾಚೆಯ ಟಿ.ಸಿ.ಯೇ. ಆದರೆ ಕಾಂಪೌಂಡ್ ಗೋಡೆಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡದಾದ ಪೆಟ್ಟಿಗೆಯೊಳಗೆ ಕುಳಿತು, ಮನೆಯ 230 ವೋಲ್ಟನ್ನು 12ಕ್ಕೆ ಇಳಿಸಿ ತೋಟದ ದೀಪಗಳಿಗೆ ಕೊಡುವ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂಡ ಒಂದಿದೆ. ದೀಪ ಆರಿದಾಗಲೆಲ್ಲ ಗೂಬೆ ಕೂರುವುದು ಅದರ ತಲೆಯ ಮೇಲೆಯೇ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರೀಷಿಯನ್ ವಿಭಾಗಕ್ಕೆ ಬಹುಕಾಲ ಪಾಠ ಹೇಳಿ ನಿವೃತ್ತನಾದ ನಾನು, ನಮ್ಮದೇ ಬಡಾವಣೆಯಲ್ಲಿ ಕಂಡ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ನಿವಾಸಿಗಳ ಸಂಘ ನೋಡಿಕೊಳ್ಳುವ ಉದ್ಯಾನದಲ್ಲಿ ಮೊದಲು ತಲಾ 20 ವಾಟಿನ 12 ಹ್ಯಾಲೊಜೆನ್ ದೀಪಗಳಿದ್ದವು. ಒಟ್ಟು 240 ವಾಟ್. ಅವಕ್ಕೆ ಹಾಕಿದ್ದ ಟ್ರಾನ್ಸ್‌ಫಾರ್ಮರ್ 300 ವಿ.ಎ. (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು, ಅಂದರೆ ನೂರಕ್ಕೆ ಎಂಬತ್ತರಷ್ಟು ಹೊರೆ, ಇಪ್ಪತ್ತರಷ್ಟು ಬಿಡುವು. ಹಾಕಿದವನು ಬಲ್ಲವನೇ ಆಗಿದ್ದ. ಆಮೇಲೆ ಹ್ಯಾಲೊಜೆನ್ ತೆಗೆದು 5 ವಾಟಿನ ಎಲ್‌ಇಡಿ ಹಾಕಲಾಯಿತು, ದೀಪಗಳ ಸಂಖ್ಯೆ 16ಕ್ಕೆ ಏರಿತು, ಆದರೂ ಹೊರೆ ಮೊದಲಿನದರ ಅರ್ಧಕ್ಕಿಂತ ಕಡಿಮೆಯಾಯಿತು. ಹೀಗಿರುವಾಗ ಕಳೆದ ಮಳೆಗಾಲದ ಆರಂಭದಲ್ಲಿ ಅರ್ಧ ಉದ್ಯಾನ ಕತ್ತಲಾಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ಹೊಸದನ್ನು ತಂದರು. ಎರಡು ಮೂರು ವಾರ ಬೆಳಗಿತು. ಮತ್ತೆ ಜಡಿಮಳೆ ಹಿಡಿದಾಗ ಸಂಜೆ ಆರೂವರೆಗೆ ಹೊತ್ತಿದ ದೀಪಗಳು ಏಳೂವರೆಯ ಹೊತ್ತಿಗೆ ಒಟ್ಟಿಗೇ ಆರಿ, ಒಂದು ಗಂಟೆ ಬಿಟ್ಟು ಯಾರೂ ಮುಟ್ಟದೆಯೇ ಹೊತ್ತಿಕೊಳ್ಳತೊಡಗಿದವು. ಎರಡನೆಯದನ್ನೂ ಬದಲಾಯಿಸಿದರು. ನಾಲ್ಕೇ ದಿನಕ್ಕೆ ಅದೇ ಹಾಡು. ಮತ್ತೊಂದಕ್ಕೆ ಹಣ ಕೇಳಿ ಚೀಟಿ ಬಂದಾಗ ಸಂಘದ ಕಾರ್ಯದರ್ಶಿಯವರು ನನ್ನ ಮನೆ ಬಾಗಿಲಿಗೆ ಬಂದು, "ಸರ್, ನೀವೊಮ್ಮೆ ನೋಡಿಬಿಡಿ" ಎಂದರು.

ಅದುವರೆಗೆ ನಡೆದ ಪರೀಕ್ಷೆಯಾದರೂ ಏನು? ವೈರ್‌ಮನ್ ಬಂದು, ಕಿಸೆಯಿಂದ ನಿಯಾನ್ ಟೆಸ್ಟರ್ ತೆಗೆದು ಒಳಬರುವ ತಂತಿಗೆ ಮುಟ್ಟಿಸಿದಾಗ ಅದು ಹೊತ್ತಿತ್ತು. ಹೊರಹೋಗುವ ತಂತಿಗೆ ಮುಟ್ಟಿಸಿದಾಗ ಹೊತ್ತಿರಲಿಲ್ಲ. ಒಳಗೆ ಬರುತ್ತಿದೆ, ಹೊರಗೆ ಹೋಗುತ್ತಿಲ್ಲ, ಆದ್ದರಿಂದ ಟ್ರಾನ್ಸ್‌ಫಾರ್ಮರ್ ಹೋಗಿದೆ ಎಂಬುದು ತೀರ್ಪು. ಕೇಳಲು ತರ್ಕಬದ್ಧವಾಗಿದೆ, ಆದರೆ ಎರಡೂ ಕಡೆ ತಪ್ಪು. ನಿಯಾನ್ ದೀಪ ಹೊತ್ತಲು ಹಲವು ಹತ್ತು ವೋಲ್ಟುಗಳು ಬೇಕು. 12 ವೋಲ್ಟಿನ ಕಡೆ ಅದು ಹೊಚ್ಚ ಹೊಸ ಟ್ರಾನ್ಸ್‌ಫಾರ್ಮರಿನಲ್ಲೂ ಹೊತ್ತುವುದಿಲ್ಲ. ಇತ್ತ 230ರ ಕಡೆ, ನ್ಯೂಟ್ರಲ್ ಎಲ್ಲೋ ಕಡಿದುಹೋಗಿದ್ದರೂ ಫೇಸ್ ಒಂದಿದ್ದರೆ ಸಾಕು, ಟೆಸ್ಟರ್ ಹೊತ್ತಿ "ಕರೆಂಟ್ ಇದೆ" ಎಂದು ಸುಳ್ಳು ಸಾಕ್ಷಿ ಹೇಳುತ್ತದೆ. ಈ ಕೆಲಸಕ್ಕೆ ಮಲ್ಟಿಮೀಟರ್ ಬೇಕು, ಅದನ್ನು ಎರಡು ತಂತಿಗಳ ನಡುವೆ ಹಿಡಿಯಬೇಕು. ಹಾಗೆಂದು ಆ ವೈರ್‌ಮನ್ ಒಬ್ಬನನ್ನೇ ದೂರಲಾರೆ. ಬದಲಾಯಿಸಿದ ಸಾಮಾನಿಗೆ ಬಿಲ್ ಆಗುತ್ತದೆ, ಒಂದು ಗಂಟೆ ಅಳೆದು ನೋಡಿದ್ದಕ್ಕೆ ನಾವ್ಯಾರೂ ದುಡ್ಡು ಕೊಡುವುದಿಲ್ಲ.

ನಾನು ಹೋದದ್ದು ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಸಂಜೆ. ಎಂಸಿಬಿ (ಮಿತಿಮೀರಿದ ಪ್ರವಾಹ ಹರಿದರೆ ತಾನಾಗಿ ಬೀಳುವ ಸ್ವಿಚ್ಚು) ಇಳಿಸಿ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಕಾದ ವಾರ್ನಿಶಿನ ವಾಸನೆ, ಮೂಲೆಯಲ್ಲಿ ಇರುವೆ ಗೂಡಿನ ಮಣ್ಣು, ತಂತಿ ಒಳಬರುವ ತೂತಿನ ಬಳಿ ಒಣಗಿ ಅಂಟಿದ ಒಂದು ಹಲ್ಲಿ. ತೂತನ್ನು ಪೆಟ್ಟಿಗೆಯ ನೆತ್ತಿಯಲ್ಲಿ ಕೊರೆದಿದ್ದರು. ಅದು ಯಾವಾಗಲೂ ತಳಭಾಗದಲ್ಲಿ, ಗ್ಲ್ಯಾಂಡ್ (ತಂತಿಯ ಸುತ್ತ ಬಿಗಿಯುವ ಬಿರಡೆ) ಹಾಕಿ ಬಿಗಿಯಾಗಿರಬೇಕು, ತಂತಿ ಪೆಟ್ಟಿಗೆಯ ಬಾಯಿಗಿಂತ ಕೆಳಗಿಳಿದು ಮೇಲೇರುವಂತೆ ಬಾಗಿರಬೇಕು, ಆಗ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಇರಲಿ, ರೋಗ ಅದಾಗಿರಲಿಲ್ಲ. ಟ್ರಾನ್ಸ್‌ಫಾರ್ಮರ್ ತಣ್ಣಗಾಗುವವರೆಗೆ ಕಾದು, ದೀಪಗಳಿಗೆ ಹೋಗುವ ಎರಡೂ ಸಾಲುಗಳ ತಂತಿಗಳನ್ನು ಬಿಚ್ಚಿ, ಮತ್ತೆ ಎಂಸಿಬಿ ಏರಿಸಿ ಅಳೆದೆ. ಒಳಬದಿ 231 ವೋಲ್ಟ್, ಹೊರಬದಿ 12.6. ಹೊರೆ ಇಲ್ಲದಾಗ 12ಕ್ಕಿಂತ ತುಸು ಹೆಚ್ಚು ತೋರುವುದು ಇಂಥ ಟ್ರಾನ್ಸ್‌ಫಾರ್ಮರಿನ ಸಹಜ ಗುಣ. ಅಂದರೆ ಎರಡು ನಿಮಿಷದಲ್ಲಿ ಆರೋಪಿ ಖುಲಾಸೆ. ಟ್ರಾನ್ಸ್‌ಫಾರ್ಮರಿನ ಪರೀಕ್ಷೆಯನ್ನು ಹೊರೆ ಬಿಚ್ಚಿಯೇ ಆರಂಭಿಸಬೇಕು ಎನ್ನುವುದು ಇದಕ್ಕಾಗಿ. ಹೊರೆ ಕಟ್ಟಿಕೊಂಡೇ ಅಳೆದರೆ ಹೊತ್ತವನ ಬಲಹೀನತೆ ಯಾವುದು, ಹೊರೆಯ ಭಾರ ಯಾವುದು ಎಂದು ತಿಳಿಯುವುದಿಲ್ಲ. ಒಂದು ವೇಳೆ ಒಳಬದಿಯಲ್ಲಿ 230 ಇದ್ದು ಹೊರಬದಿಯಲ್ಲಿ ಸೊನ್ನೆ ಬಂದಿದ್ದರೆ, ಮತ್ತೆ ಎಂಸಿಬಿ ಇಳಿಸಿ, ಒಳಬದಿಯ ತಂತಿಗಳನ್ನೂ ಬಿಚ್ಚಿ, ಸುರುಳಿಯ ತಡೆ ಎಷ್ಟು ಓಮ್ ಎಂದು ನೋಡುತ್ತಿದ್ದೆ. ಅಲ್ಲಿ ಮೀಟರ್ ಅಲುಗದಿದ್ದರೆ ಸುರುಳಿಯೋ, ಅದರೊಳಗೆ ಹುದುಗಿಸಿರುವ ಉಷ್ಣ ಫ್ಯೂಸೋ ಕಡಿದಿದೆ ಎಂದರ್ಥ. ಆಗಷ್ಟೇ ಟ್ರಾನ್ಸ್‌ಫಾರ್ಮರ್ ಬದಲಾಯಿಸುವ ಮಾತು.

ಮೊದಲ ಸಾಲನ್ನು ಜೋಡಿಸಿದೆ. ಎಂಟು ದೀಪಗಳೂ ಬೆಳಗಿದವು, ತಂತಿಯನ್ನು ಬಳಸಿ ಹಿಡಿದು ಪ್ರವಾಹ ಅಳೆಯುವ ಕ್ಲಾಂಪ್ ಮೀಟರ್ 4.4 ಆಂಪಿಯರ್ ತೋರಿಸಿತು. ಎರಡನೆಯ ಸಾಲನ್ನು ಜೋಡಿಸಿದ ಕೂಡಲೇ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿತು, ಹೊರಬದಿಯ ವೋಲ್ಟೇಜ್ 11.2ಕ್ಕೆ ಇಳಿಯಿತು, ಆ ಒಂದೇ ಸಾಲಿನಲ್ಲಿ 29 ಆಂಪಿಯರ್! ಇಡೀ ಟ್ರಾನ್ಸ್‌ಫಾರ್ಮರಿನ ಶಕ್ತಿಯೇ 25 ಆಂಪಿಯರ್ (300 ವಿ.ಎ.ಯನ್ನು 12ರಿಂದ ಭಾಗಿಸಿದರೆ ಬರುವುದು ಅಷ್ಟೇ). ಆ ಸಾಲಿನಲ್ಲಿ ಮೊದಲ ಎರಡು ದೀಪಗಳು ಮಂಕಾಗಿ ಉರಿಯುತ್ತಿದ್ದವು, ಮೂರನೆಯದರಲ್ಲಿ ಜೀವವಿರುವಂತೆಯೂ ಇಲ್ಲದಂತೆಯೂ ಕಾಣುತ್ತಿತ್ತು, ಮಿಕ್ಕವು ಕತ್ತಲು. ಬಲ್ಬ್ ಹೋಗಿವೆ ಎಂದು ಅವನ್ನೂ ಒಮ್ಮೆ ಬದಲಾಯಿಸಿದ್ದರಂತೆ. ಮೀಟರ್ ಹಿಡಿದು ದೀಪದಿಂದ ದೀಪಕ್ಕೆ ನಡೆದೆ: ಮೊದಲನೆಯದರಲ್ಲಿ 9 ವೋಲ್ಟ್, ಎರಡನೆಯದರಲ್ಲಿ 7, ಮೂರನೆಯದರಲ್ಲಿ ಐದಕ್ಕೂ ತುಸು ಕಡಿಮೆ, ನಾಲ್ಕನೆಯದರಲ್ಲಿ ಎರಡೂವರೆ. ಆಮೇಲಿನ ದೀಪಗಳಲ್ಲೂ ಅದೇ ಎರಡೂವರೆ. ಮೆಟ್ಟಿಲಿಳಿದಂತೆ ಇಳಿದ ವೋಲ್ಟೇಜು ಎಲ್ಲಿ ಇಳಿಯುವುದನ್ನು ನಿಲ್ಲಿಸುತ್ತದೆಯೋ ಅಲ್ಲೇ ಕಳ್ಳನಿದ್ದಾನೆ, ಏಕೆಂದರೆ ಅಲ್ಲಿಂದಾಚೆಗೆ ಆ ಭಾರಿ ಪ್ರವಾಹ ಹರಿಯುತ್ತಿಲ್ಲ.

ನಾಲ್ಕನೆಯ ದೀಪದ ಪಕ್ಕದಲ್ಲಿ ಕನಕಾಂಬರದ ಮಡಿ. ತೋಟದ ಮಾಲಿಯನ್ನು ಕರೆಸಿ, ಎಂಸಿಬಿ ಇಳಿಸಿ, ಕೈಯಲ್ಲೇ ಮಣ್ಣು ಬಿಡಿಸಿದೆವು. ಒಂದು ಗೇಣು ಆಳವೂ ಇಲ್ಲ, ಕಪ್ಪು ಟೇಪು ಸುತ್ತಿದ ಉಂಡೆಯೊಂದು ಸಿಕ್ಕಿತು. "ಬೇಸಿಗೇಲಿ ಗುದ್ದಲಿ ತಗುಲ್ಬುಟ್ಟಿತ್ತು ಸಾಮಿ, ನಾನೇ ಟೇಪು ಸುತ್ತಿದ್ದೆ" ಎಂದ ಆತ, ಏನೂ ಮುಚ್ಚುಮರೆಯಿಲ್ಲದೆ. ಟೇಪು ಬಿಚ್ಚಿದರೆ ಅಂಟೆಲ್ಲ ಕರಗಿ ಲೋಳೆಯಾಗಿತ್ತು. ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದಿದ್ದವು. ಎರಡೂ ತಂತಿಗಳ ಗಂಟುಗಳು ಅಕ್ಕಪಕ್ಕದಲ್ಲೇ ಬಿದ್ದುಕೊಂಡಿದ್ದು, ಒಂದರ ನಾಲ್ಕೈದು ಎಳೆಗಳು ಇನ್ನೊಂದಕ್ಕೆ ತಾಗಿ ಆ ಜಾಗ ಕಪ್ಪಿಟ್ಟಿತ್ತು. ನೆಲ ಒಣಗಿದಾಗ ಎಳೆಗಳು ಸರಿದು ಬಿಡುತ್ತಿದ್ದವು, ಮಣ್ಣು ನೆನೆದು ಕುಸಿದಾಗ ಕೂಡುತ್ತಿದ್ದವು. ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ ಮೇಲೆ ಎರಡು ಮೂರು ವಾರ ದೀಪ ಸರಿಯಾಗಿದ್ದುದು ಹೊಸ ಸಾಮಾನಿನ ಮಹಿಮೆಯಲ್ಲ, ಆ ದಿನಗಳಲ್ಲಿ ಮಳೆ ಇರಲಿಲ್ಲ, ಅಷ್ಟೇ. ಒಂದು ಗಂಟೆ ಉರಿದು ಆರುತ್ತಿದ್ದುದಕ್ಕೂ ಇಲ್ಲೇ ಉತ್ತರವಿದೆ: ಮಿತಿಮೀರಿದ ಹೊರೆಗೆ ಸುರುಳಿ ಕಾದಾಗ ಅದರೊಳಗಿನ ಉಷ್ಣ ನಿಯಂತ್ರಕ ತಾನಾಗಿ ಕಡಿದು, ತಣ್ಣಗಾದ ಮೇಲೆ ತಾನಾಗಿ ಕೂಡುತ್ತಿತ್ತು. ತನ್ನ ಪ್ರಾಣ ಉಳಿಸಿಕೊಳ್ಳಲು ಅದು ಮಾಡುತ್ತಿದ್ದುದನ್ನೇ ನಾವು ಅದರ ದೋಷವೆಂದು ಬರೆದುಕೊಂಡಿದ್ದೆವು.

"ಶಾರ್ಟ್ ಆಗಿದ್ದರೆ ಎಂಸಿಬಿ ಬೀಳಬೇಕಿತ್ತಲ್ಲ?" ಎಂದು ಕಾರ್ಯದರ್ಶಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ, ನಾನು ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಎರಡೂ ಸಾಲು ಸೇರಿ 12 ವೋಲ್ಟಿನ ಕಡೆ ಹರಿಯುತ್ತಿದ್ದುದು ಸುಮಾರು 33 ಆಂಪಿಯರ್. ಅದು ಟ್ರಾನ್ಸ್‌ಫಾರ್ಮರಿನ ಆಚೆ, 230ರ ಕಡೆಗೆ ದಾಟಿದಾಗ ಎರಡು ಆಂಪಿಯರಿಗೂ ಕಡಿಮೆ. ಅಲ್ಲಿ ಕಾವಲಿಗಿರುವುದು 6 ಆಂಪಿಯರಿನ ಎಂಸಿಬಿ. ಅದರ ಲೆಕ್ಕದಲ್ಲಿ ಏನೂ ಆಗಿಯೇ ಇಲ್ಲ. ಶಾರ್ಟ್ ಆದ ಜಾಗ ಟ್ರಾನ್ಸ್‌ಫಾರ್ಮರಿನಿಂದ 20 ಮೀಟರ್ ದೂರವಿದ್ದುದರಿಂದ, ಹೋಗಿ ಬರುವ 40 ಮೀಟರ್ ತಂತಿಯ ತಡೆಯೇ ಪ್ರವಾಹವನ್ನು ಇನ್ನೂ ಏರದಂತೆ ಹಿಡಿದಿಟ್ಟಿತ್ತು. ಇನ್ನು ವಿದ್ಯುತ್ ನೆಲಕ್ಕೆ ಸೋರಿದೊಡನೆ ಸಂಪರ್ಕ ಕಡಿಯುವ, ಪ್ರಾಣರಕ್ಷಕವೆಂದು ನಾವೆಲ್ಲ ನಂಬಿರುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಗೂ ಇದು ಕಾಣಿಸದು. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ತಂತಿಯ ನಂಟೇ ಇಲ್ಲದ್ದರಿಂದ 12 ವೋಲ್ಟಿನ ಕಡೆಯ ಸೋರಿಕೆ ಅದರ ಅರಿವಿಗೆ ಬರುವುದಿಲ್ಲ. ಆದ್ದರಿಂದ ಹೊರಬದಿಯ ಪ್ರತಿಯೊಂದು ಸಾಲಿಗೂ ಅದರದೇ ಆದ ಫ್ಯೂಸ್ ಇರಲೇಬೇಕು. ಕಾರಿನಲ್ಲಿ ಹಾಕುವ 10 ಆಂಪಿಯರಿನ ಬ್ಲೇಡ್ ಫ್ಯೂಸ್ ಮತ್ತು ಅದರ ಹೋಲ್ಡರ್ ಬಿಡಿಭಾಗಗಳ ಯಾವ ಅಂಗಡಿಯಲ್ಲೂ ಸಿಗುತ್ತವೆ, ಎರಡೂ ಸೇರಿ ಟ್ರಾನ್ಸ್‌ಫಾರ್ಮರಿನ ಬೆಲೆಯ ಒಂದು ಸಣ್ಣ ಪಾಲು. ನಮ್ಮಲ್ಲಿ ಅವಿದ್ದಿದ್ದರೆ 29 ಆಂಪಿಯರ್ ಹರಿದ ಕ್ಷಣದಲ್ಲೇ ಫ್ಯೂಸ್ ಹಾರಿ, ಒಂದು ಸಾಲು ಮಾತ್ರ ಆರಿ, ದೋಷ ಯಾವ ಸಾಲಿನಲ್ಲಿದೆ ಎಂಬುದೂ ತಾನೇ ಗೊತ್ತಾಗುತ್ತಿತ್ತು.

12 ವೋಲ್ಟ್ ತಾನೇ, ಏನಾದೀತು ಎಂಬ ಮಾತನ್ನು ನಾನು ಎಲ್ಲೆಡೆ ಕೇಳುತ್ತೇನೆ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎನ್ನುವ ಮಟ್ಟಿಗೆ ಅದು ನಿಜ; ಈಜುಕೊಳದ ನೀರಿನೊಳಗಿನ ದೀಪಕ್ಕೂ 12 ವೋಲ್ಟನ್ನೇ ಮಿತಿಯಾಗಿ ಇಟ್ಟಿರುವುದು ಅದಕ್ಕಾಗಿಯೇ. ಆದರೆ ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಬೆಳಕಿಗೆ ಬೇಕಾಗುವ ಆಂಪಿಯರ್ ಹೆಚ್ಚು, ಆಂಪಿಯರ್ ಹೆಚ್ಚಾದಷ್ಟೂ ಸಡಿಲ ಸ್ಕ್ರೂ ಮತ್ತು ಕೆಟ್ಟ ಗಂಟುಗಳು ಕಾಯುವುದು ಹೆಚ್ಚು. ಒಂದು ಕೆಟ್ಟ ಗಂಟಿನ ತಡೆ ಬರೀ 0.2 ಓಮ್ ಇದ್ದು ಅದರಲ್ಲಿ 10 ಆಂಪಿಯರ್ ಹರಿದರೆ 20 ವಾಟ್ ಶಾಖ ಆ ಗಂಟಿನಲ್ಲೇ ಹುಟ್ಟುತ್ತದೆ. ಅದು ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಐರನ್ನಿನ ಶಾಖಕ್ಕೆ ಸಮ. ಬೇಸಿಗೆಯಲ್ಲಿ ಅಂಥ ಗಂಟಿನ ಮೇಲೆ ಒಣ ತರಗೆಲೆ ಬಿದ್ದಿರುವುದನ್ನು ಊಹಿಸಿಕೊಳ್ಳಿ. ನೆಲದೊಳಗಿನ ಜೋಡಣೆಗೆ ಸಾದಾ ಟೇಪು ಸಲ್ಲದು; ಒಳಗೆ ಗ್ರೀಸ್ ತುಂಬಿದ ಕನೆಕ್ಟರ್, ಅಂಟುಳ್ಳ ಹೀಟ್ ಶ್ರಿಂಕ್ ಸ್ಲೀವ್ ಅಥವಾ ರೆಸಿನ್ ಸುರಿಯುವ ಕಿಟ್ ಬಳಸಬೇಕು, ಎರಡು ತಂತಿಗಳ ಗಂಟುಗಳನ್ನು ಒಂದರ ಪಕ್ಕ ಒಂದು ಬರದಂತೆ ಹಿಂದೆ ಮುಂದೆ ಮಾಡಬೇಕು.

ದೀಪಗಳು ಆರುವುದಿಲ್ಲ, ಆದರೆ ಕೊನೆಕೊನೆಗೆ ಮಂಕಾಗಿವೆ ಎಂಬ ದೂರು ಇನ್ನೂ ಸಾಮಾನ್ಯ. ನಮ್ಮ ಉದ್ಯಾನದಲ್ಲೂ ಹ್ಯಾಲೊಜೆನ್ ಕಾಲದಲ್ಲಿ ಕೊನೆಯ ದೀಪಗಳು ಹಣತೆಯಂತೆ ಹಳದಿಯಾಗಿ ಉರಿಯುತ್ತಿದ್ದವು. ಇದಕ್ಕೆ ಟ್ರಾನ್ಸ್‌ಫಾರ್ಮರ್ ಹೊಣೆಯಲ್ಲ, ತಂತಿ ಹೊಣೆ. 2.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು ಏಳೂವರೆ ಓಮ್ ತಡೆ ಇರುತ್ತದೆ, 1.5 ಚದರ ಮಿ.ಮೀ. ತಂತಿಗೆ 12 ಓಮ್. 30 ಮೀಟರ್ ದೂರದಲ್ಲಿ 60 ವಾಟ್ ದೀಪಗಳಿದ್ದರೆ 5 ಆಂಪಿಯರ್ ಹರಿಯಬೇಕು, 1.5ರ ತಂತಿಯಲ್ಲಿ ಹೋಗಿ ಬರುವ 60 ಮೀಟರಿಗೆ ಮೂರೂವರೆ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕರಗುತ್ತದೆ, 4 ಚದರ ಮಿ.ಮೀ. ತಂತಿಯಲ್ಲಾದರೆ ಒಂದೂವರೆಯೊಳಗೆ ನಿಲ್ಲುತ್ತದೆ. 230 ವೋಲ್ಟಿನಲ್ಲಿ ಮೂರೂವರೆ ಹೋದರೆ ಯಾರಿಗೂ ತಿಳಿಯದು, 12ರಲ್ಲಿ ಮೂರೂವರೆ ಎಂದರೆ ಕಾಲುಭಾಗಕ್ಕಿಂತ ಹೆಚ್ಚು. ಬೀದಿಯ ವೋಲ್ಟೇಜೇ ಸಂಜೆ 207ಕ್ಕೆ ಇಳಿದಿದ್ದರೆ ಟ್ರಾನ್ಸ್‌ಫಾರ್ಮರ್ ಕೂಡ ಅದೇ ಪ್ರಮಾಣದಲ್ಲಿ 12ರ ಬದಲು 10.8ನ್ನಷ್ಟೇ ಕೊಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮಂಕು ಹೋಗಲೆಂದು ಸಾಲಿನ ಇನ್ನೊಂದು ತುದಿಗೆ ಎರಡನೆಯ ಟ್ರಾನ್ಸ್‌ಫಾರ್ಮರ್ ಕಟ್ಟುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಯಾರೂ ಈ ಸಾಹಸ ಮಾಡಬಾರದು. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುವ ಸಾಧನ. ಎರಡರಲ್ಲಿ ಒಂದರ ಪ್ಲಗ್ಗನ್ನು ಕಿತ್ತರೆ, ಇನ್ನೊಂದು ಕೊಡುವ 12 ವೋಲ್ಟು ಇದರ ಹೊರಬದಿಯಿಂದ ಒಳಹೊಕ್ಕು, ಕೈಯಲ್ಲಿ ಹಿಡಿದಿರುವ ಪ್ಲಗ್ಗಿನ ಪಿನ್ನುಗಳಲ್ಲಿ 230 ವೋಲ್ಟಾಗಿ ಕುಳಿತಿರುತ್ತದೆ. ಎರಡು ಬೇಕಾದರೆ ಸಾಲುಗಳನ್ನು ಪೂರ್ತಿಯಾಗಿ ಬೇರ್ಪಡಿಸಿ, ಒಂದೊಂದಕ್ಕೆ ಒಂದೊಂದು ಇಡಬೇಕು.

ಹ್ಯಾಲೊಜೆನ್ ಕಾಲದ ಹಗುರವಾದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಇರುವವರು ಎಲ್‌ಇಡಿ ಹಾಕಿದ ಮೇಲೆ ದೀಪ ಪಟಪಟ ಮಿನುಗುತ್ತದೆ ಎಂದರೆ ಆಶ್ಚರ್ಯವಿಲ್ಲ. ಅವು ಒಂದು ಕನಿಷ್ಠ ಹೊರೆ ಇಲ್ಲದೆ ನೆಟ್ಟಗೆ ನಡೆಯುವುದಿಲ್ಲ. ಆ ಅಂಕಿ ಅವುಗಳ ಮೈಮೇಲೇ ಬರೆದಿರುತ್ತದೆ, ಎಲ್‌ಇಡಿಗಳ ಒಟ್ಟು ವಾಟ್ ಅದಕ್ಕಿಂತ ಕೆಳಗಿರುತ್ತದೆ. ಅವುಗಳ ಹೊರಬದಿಯ ವಿದ್ಯುತ್ತು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ದಿಕ್ಕು ಬದಲಿಸುವುದರಿಂದ ಸಾದಾ ಮಲ್ಟಿಮೀಟರ್ ತಪ್ಪು ಅಂಕಿ ತೋರಿಸುತ್ತದೆ, ಅದನ್ನು ನಂಬಿ ಎಸೆದುಬಿಡಬಾರದು. ಟ್ರಾನ್ಸ್‌ಫಾರ್ಮರಿನ ಬದಲು ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಇದ್ದು ದೀಪಗಳೆಲ್ಲ ಸುಮಾರು ಸೆಕೆಂಡಿಗೊಮ್ಮೆ ಒಟ್ಟಿಗೆ ಕಣ್ಣು ಮಿಟುಕಿಸುತ್ತಿದ್ದರೆ ಎಲ್ಲೋ ಶಾರ್ಟ್ ಇರುವ ಸಾಧ್ಯತೆಯೇ ಹೆಚ್ಚು. ಸಾಲುಗಳನ್ನು ಬಿಚ್ಚಿ ಒಂದೊಂದಾಗಿ ಜೋಡಿಸುತ್ತ ಬಂದರೆ ಅದು ಸಿಗುತ್ತದೆ. ಇನ್ನು ಟೈಮರ್ ಕೆಟ್ಟಿದ್ದು, ಬೆಳಕಿನ ಸೆನ್ಸರಿಗೆ ಪಕ್ಕದ ಬೀದಿದೀಪದ ಬೆಳಕು ಬಿದ್ದು ಅದು ಹಗಲೆಂದೇ ತಿಳಿದುಕೊಂಡಿದ್ದು, ಇವೂ ಟ್ರಾನ್ಸ್‌ಫಾರ್ಮರಿನ ಲೆಕ್ಕಕ್ಕೇ ಜಮೆಯಾಗುತ್ತವೆ.

230 ವೋಲ್ಟಿನ ಕಡೆಯ ಯಾವ ಕೆಲಸವನ್ನೂ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರಿಂದಲೇ ಮಾಡಿಸಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಕೋರಿಕೆ ಇರುವುದು ಅವರನ್ನು ಕರೆಸುವವರಲ್ಲಿ. ನಿವಾಸಿಗಳ ಸಂಘಗಳು, ಅಪಾರ್ಟ್‌ಮೆಂಟ್ ಸಮಿತಿಗಳು ಟ್ರಾನ್ಸ್‌ಫಾರ್ಮರ್ ಬದಲಾವಣೆಯ ಬಿಲ್ಲಿಗೆ ಸಹಿ ಹಾಕುವ ಮೊದಲು ನಾಲ್ಕು ಅಂಕಿಗಳನ್ನು ಬರೆಸಿಕೊಳ್ಳಲಿ: ಒಳಬದಿಯ ವೋಲ್ಟೇಜ್, ಹೊರೆ ಬಿಚ್ಚಿದಾಗ ಹೊರಬದಿಯ ವೋಲ್ಟೇಜ್, ಹೊರೆ ಜೋಡಿಸಿದಾಗಿನದು, ಪ್ರತಿ ಸಾಲಿನ ಆಂಪಿಯರ್. ಅಳೆಯುವ ಆ ಒಂದು ಗಂಟೆಗೆ ಪ್ರತ್ಯೇಕ ಕೂಲಿಯನ್ನೂ ಕೊಡಲಿ. ಹೊಸದಾಗಿ ದೀಪ ಹಾಕಿಸುವವರು ತಂತಿ ಎಲ್ಲೆಲ್ಲಿ ಹಾದುಹೋಗಿದೆ ಎಂಬ ನಕ್ಷೆಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೇ ಅಂಟಿಸಿಕೊಂಡು, ಅದನ್ನು ಮೊದಲು ತೋಟದ ಮಾಲಿಗೆ ತೋರಿಸಲಿ. ಈ ಸಾಮಾನುಗಳನ್ನು ಮಾರುವವರೂ ಎಷ್ಟು ದೂರಕ್ಕೆ ಎಷ್ಟು ವಾಟಿಗೆ ಯಾವ ದಪ್ಪದ ತಂತಿ ಬೇಕು, ಹೊರಬದಿಗೆ ಎಷ್ಟು ಆಂಪಿಯರಿನ ಫ್ಯೂಸ್ ಇರಬೇಕು ಎಂಬುದನ್ನು ಕನ್ನಡದಲ್ಲಿ ಅಚ್ಚು ಮಾಡಿ ಡಬ್ಬಿಯೊಳಗೆ ಇಟ್ಟರೆ ದೊಡ್ಡ ಉಪಕಾರವಾಗುತ್ತದೆ. ನಾನು ನೋಡಿದ ಡಬ್ಬಿಗಳಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ನಮ್ಮ ಉದ್ಯಾನದ ಗಂಟನ್ನು ಕತ್ತರಿಸಿ ಹೊಸದಾಗಿ ಜೋಡಿಸಿ, ಎರಡೂ ಸಾಲಿಗೆ ಫ್ಯೂಸ್ ಹಾಕಿದೆವು. ಎರಡನೆಯ ಸಾಲಿನಲ್ಲೂ ಈಗ 4.4 ಆಂಪಿಯರ್, ಕೊನೆಯ ದೀಪದಲ್ಲಿ 10.8 ವೋಲ್ಟ್. ಮೊಟ್ಟಮೊದಲಿನ ಟ್ರಾನ್ಸ್‌ಫಾರ್ಮರ್ ಅಷ್ಟರಲ್ಲಾಗಲೇ ಗುಜರಿಯವನ ತಕ್ಕಡಿ ಏರಿ ಹೋಗಿತ್ತು. ಅದರ ಜಾಗಕ್ಕೆ ಬಂದು "ಸುಟ್ಟುಹೋದ" ಎರಡನೆಯದು, ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲೆಂದು ಕಾವಲುಗಾರನ ಕೋಣೆಯಲ್ಲಿ ಒತ್ತಾಗಿ ಕುಳಿತಿತ್ತು. ಮನೆಗೆ ತಂದು ಒಣಗಿಸಿ, ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಿಡಿದು ನೋಡಿ, ಹೊರೆ ಕೊಟ್ಟು ಮೂರು ಗಂಟೆ ಓಡಿಸಿದೆ. 12.6 ವೋಲ್ಟ್ ಕೊಡುತ್ತಿದೆ. ಈಗ ಅದು ಉದ್ಯಾನದ ಹಿಂಬಾಗಿಲಿನ ದೀಪಗಳಿಗೆ ದುಡಿಯುತ್ತಿದೆ. ಕಾವಲುಗಾರನಿಗೆ ಬಾಗಿಲಿಗಿಡಲು ಒಂದು ಕಲ್ಲು ಹುಡುಕಿಕೊಟ್ಟಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ,
ಮೈಸೂರು